ಮೂರನೇ ಪರಾತ

ಬೀಳಗಿ,
22 ನವೆಂಬರ್ 2004

ಮಾಳು,

ನಿನ್ನ ಕ್ಷೇಮ ವಿಚಾರಿಸಲು ಕೂತಿಲ್ಲ. ನೀನು ಚೆನ್ನಾಗಿಯೇ ಇರುತ್ತೀ. ಕುರಿ ಮುಂದೆ ಬಿಟ್ಟುಕೊಂಡು ಬಯಲಲ್ಲಿ ಅಡ್ಡಾಡುವವನಿಗೆ ಏನಾಗಬೇಕಾಗಿದೆ? ರನ್ನ ಬೆಳಗಲಿಯ ಕಾಶಪ್ಪನ ಚಹಾದಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಹಟ್ಟಿ ಯಾವ ಹೊಲದಲ್ಲಿದ್ದರೂ ನಿನ್ನ ಅವ್ವ ಸಂತೆಗೆ ಬಂದಾಗ ಅಲ್ಲಿ ಕೂಡುತ್ತಾಳೆಂದು ನೀನೇ ಹೇಳಿದ್ದೆ.

ಪರಸಪ್ಪಣ್ಣ ಬದುಕಿದ್ದಾನೆ. ಇದನ್ನೇ ಮೊದಲು ಹೇಳಬೇಕಿತ್ತು, ಸಿಟ್ಟು ಮುಂದಾಯಿತು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಾನು ಹೋದಾಗ ಎಚ್ಚರವಿದ್ದ. ನಾನು ಹಣ್ಣಿನ ಚೀಲವನ್ನು ಕಾಟಿನ ಮೇಲಿಟ್ಟು, ಅವನ ಮಗಳ ಜೊತೆ ಎರಡು ಮಾತಾಡಿ ಬಂದುಬಿಟ್ಟೆ. ಅವನು ಏನೋ ಕೇಳಬೇಕೆಂದಿದ್ದ. ನಾನು ನಿಲ್ಲಲಿಲ್ಲ.

ಪ್ಲಾಂಟು ಮತ್ತೆ ಶುರುವಾಗಿದೆ. ಅದಿರಿನ ಪುಡಿ ಬರುತ್ತದೆ, ಜೇಡಿಪುಡಿ ಕೂಡುತ್ತದೆ, ನೀರು ಚಿಮ್ಮುತ್ತದೆ, ವಾರೆಯಾಗಿ ನಿಂತ ಡಿಸ್ಕುಗಳಲ್ಲಿ ಉಂಡಿ ಉರುಳುತ್ತವೆ, ಕುಲುಮೆಗೆ ಹೋಗಿ ಸುಟ್ಟು ಕಲ್ಲಾಗಿ ಬರುತ್ತವೆ. ಆ ಡಿಸ್ಕು ಹಿಟ್ಟು ನಾದುವ ಪರಾತದ ಹಾಗಿದೆ ಎಂದು ನಿನ್ನ ಅವ್ವ ಇಟ್ಟ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ಮೂರನೇ ಪರಾತವನ್ನು ತೊಳೆದು ತಿರುಗಿಸಿದ್ದಾರೆ. ಅದರ ಕಡೆ ಯಾರೂ ನೋಡುವುದಿಲ್ಲ.

ಮಾಳು, ಅವತ್ತು ಸಂಜೆ ಕಂಟ್ರೋಲ್ ರೂಮಿನ ಪ್ಯಾನೆಲ್ ಮುಂದೆ ನಾನೇ ಕೂತಿದ್ದೆನೆಂದು ಎಲ್ಲರೂ ತಿಳಿದಿದ್ದಾರೆ. ಪಾಳಿ ನನ್ನದು, ಕುರ್ಚಿ ನನ್ನದು. ಹೊತ್ತು ಮುಳುಗಿದ ಮೇಲೆ ಉಣ್ಣದ ನಮ್ಮ ಜೈನರ ನೇಮಕ್ಕಾಗಿ ನಾನು ಅದಕ್ಕೂ ಮುಂಚೆ ಡಬ್ಬಿ ಹಿಡಿದು ಗೇಟಿನಾಚೆಯ ಬೇವಿನ ಗಿಡದ ಕೆಳಗೆ ಊಟಕ್ಕೆ ಹೋಗುವುದು, ನಾನು ಬರುವವರೆಗೆ ನೀನು ನನ್ನ ಕುರ್ಚಿಯಲ್ಲಿ ಕೂಡುವುದು, ಇದು ನಮ್ಮಿಬ್ಬರ ನಡುವಿನ ಮಾತಾಗಿತ್ತು. ಗುತ್ತಿಗೆಯ ಆಳು ಪ್ಯಾನೆಲ್ ಮುಟ್ಟಬಾರದೆಂಬ ನಿಯಮ ಇಬ್ಬರಿಗೂ ಗೊತ್ತಿತ್ತು. ನಿಂತ ಪರಾತ ಕಂಡು ಬಟನ್ ಒತ್ತಿದವನು ನೀನು. ಒತ್ತಿ, ಕೂಗು ಕೇಳಿ, ನಿಲ್ಲಿಸಿ, ಓಡಿದವನೂ ನೀನೇ. ನಾನು ಬಾಯಿ ತೊಳೆದು ಬರುವಷ್ಟರಲ್ಲಿ ಕುರ್ಚಿ ಖಾಲಿ ಇತ್ತು.

ಜನವರಿಯಲ್ಲಿ ವಿಚಾರಣೆ ಇದೆ. ಹೊರಗಿನಿಂದ ಅಧಿಕಾರಿ ಬರುತ್ತಾರೆ. ಬಂದು ನಿನ್ನ ಮಾತು ನೀನು ಹೇಳು. ನಿನ್ನ ಬದಲಿಗೆ ನಾನು ತಲೆ ಕೊಡಲಾರೆ.

ಅಭಿನಂದನ


ರನ್ನ ಬೆಳಗಲಿ ಹೊರಗೆ, ಕಬ್ಬು ಕಡಿದ ಹೊಲ,
5 ಡಿಸೆಂಬರ್ 2004

ಅಭಿನಂದನ ಸಾಹುಕಾರರಿಗೆ,

ತೇರದಾಳದ ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು ಇವತ್ತು ನನಗೆ ನಿಯಮ ಕಲಿಸುತ್ತಿದ್ದೀ. ಕಲಿಸು. ನಾನೂ ಒಂದು ಮಾತು ಕಲಿಸುತ್ತೇನೆ, ಕೇಳು.

ನಮ್ಮ ಹಟ್ಟಿಯಲ್ಲಿ ಕಾವಲು ಬದಲಾಗುವಾಗ, ಏಳುವವನು ಸುಮ್ಮನೆ ಎದ್ದು ಹೋಗುವುದಿಲ್ಲ. ಬಡಿಗೆಯನ್ನು ಬಂದವನ ಕೈಯಲ್ಲಿ ಕೊಡಬೇಕು. ಕೊಡುವಾಗ ಬಾಯಿ ಬಿಟ್ಟು ಹೇಳಬೇಕು: ಯಾವ ಕುರಿ ಈಯಲು ಬಂದಿದೆ, ಯಾವುದು ಕುಂಟುತ್ತಿದೆ, ಯಾವ ಮೂಲೆಯ ಬಲೆ ಹರಿದಿದೆ. ಹೇಳದೆ ಕೊಟ್ಟರೆ ಬಂದವನು ಬಡಿಗೆ ಹಿಡಿಯುವುದೇ ಇಲ್ಲ. ನನ್ನ ಅಪ್ಪ ಜ್ವರದಲ್ಲಿ ನಡುಗುತ್ತಿದ್ದಾಗಲೂ ಹೇಳಿಯೇ ಮಲಗಿದ.

ಪರಸಪ್ಪಣ್ಣ ಮಣ್ಣು ಕೆರೆಯಲು ಪರಾತದೊಳಗೆ ಇಳಿಯುವ ಮುಂಚೆ ಕಂಟ್ರೋಲ್ ರೂಮಿಗೆ ಬಂದು ನಿನಗೆ ಹೇಳಿದ್ದ. ಪರಾತದ ಹತ್ತಿರದ ಸ್ವಿಚ್ಚು ಕೆಟ್ಟು ಎಷ್ಟೋ ದಿನವಾಗಿತ್ತು, ಕೀಲಿ ಹಾಕಲು ಬರುತ್ತಿರಲಿಲ್ಲ. ಪ್ಯಾನೆಲ್ಲಿನವನ ಕಿವಿಗೆ ಹಾಕಿ ಇಳಿಯುವುದೊಂದೇ ಅವನಿಗಿದ್ದ ದಾರಿ. ಹಾಕಿದ. ನಿನ್ನ ಕಿವಿಗೆ ಹಾಕಿದ; ಪರಾತದೊಳಗಿನ ಅವನ ಕೂಗಿನಲ್ಲಿ ಇದ್ದದ್ದು ನಿನ್ನ ಹೆಸರೇ. ನೀನು ಕಿಟಕಿಯಾಚೆ ಸೂರ್ಯನನ್ನು ನೋಡುತ್ತಿದ್ದೆ. ಅದು ಚಿಮಣಿಯ ಹಿಂದೆ ಇಳಿಯುತ್ತಿತ್ತು. ನಾನು ಬಂದ ಕೂಡಲೇ ನೀನು ಡಬ್ಬಿ ಹಿಡಿದು ಹೊರಟೆ. ಒಂದು ಮಾತು ಹೇಳಲಿಲ್ಲ. ನಾನು ಕೂತೆ. ಕುಲುಮೆಗೆ ಉಂಡಿ ಕಡಿಮೆ ಬೀಳುತ್ತಿತ್ತು. ಮೂರನೆಯದು ಸುಮ್ಮನೆ ನಿಂತಿತ್ತು. ಒತ್ತಿದೆ.

ಆ ತಣ್ಣನೆಯ ಕೋಣೆಯಲ್ಲಿ ನನ್ನ ಕೈಯಲ್ಲಿ ಬಡಿಗೆ ಇರಲಿಲ್ಲ, ಅದಕ್ಕೇ ಕೇಳುವುದು ಮರೆತೆ. ಅದು ನನ್ನ ಪಾಲು. ನಿನ್ನ ಪಾಲು ಎಲ್ಲಿದೆ? ನಿನ್ನ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಸಿಗಲಿಲ್ಲ.

ನಾನು ಬರುವುದಿಲ್ಲ. ನಿನ್ನ ಕೆಲಸ ಕಾಯಂ, ನನ್ನದು ಗುತ್ತಿಗೆ. ನಿನಗೆ ಮೆಮೊ ಕೊಡುತ್ತಾರೆ, ನನಗೆ ಪೊಲೀಸರನ್ನು ಕೊಡುತ್ತಾರೆ. ನನಗೆ ರಜೆ ಕೊಟ್ಟಿದ್ದಾರೆಂದು ಅವ್ವನಿಗೆ ಹೇಳಿದ್ದೇನೆ. ಅವಳು ನಂಬಿಲ್ಲ. ಕುರಿಯೊಂದು ಮುಳ್ಳಕಂಟಿಯಲ್ಲಿ ಸಿಕ್ಕು ಒದರಿದರೆ ನಾನು ಕಿವಿ ಮುಚ್ಚಿಕೊಂಡು ಕೂತುಬಿಡುತ್ತೇನೆ. ಅವಳೇ ಹೋಗಿ ಬಿಡಿಸುತ್ತಾಳೆ.

ಮಾಳು


ಬೀಳಗಿ,
19 ಡಿಸೆಂಬರ್ 2004

ಮಾಳು,

ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಓದಿ ಮುಗಿಸಿದ ಮೇಲೆ ನಿನ್ನ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಖರೆ ಮಾತು ಹೇಳಿದವನ ಮೇಲೆ ಬರುವ ಸಿಟ್ಟಿಗೆ ಮದ್ದಿಲ್ಲ.

ನಿನ್ನೆ ಮ್ಯಾನೇಜರ್ ಸಾಹೇಬರು ಕರೆಸಿದ್ದರು. ಬಾಗಿಲು ಹಾಕಿಸಿದರು. ಚಹಾ ತರಿಸಿದರು. ಹಾಳಾದ ಸ್ವಿಚ್ಚಿನ ಮಾತು ವಿಚಾರಣೆಯಲ್ಲಿ ಬಂದರೆ ಪ್ಲಾಂಟು ಮುಚ್ಚಿಸುತ್ತಾರೆ, ಎಷ್ಟು ಮನೆಯ ಒಲೆ ಆರುತ್ತದೆ ನೋಡಿ ಎಂದರು. ಅವರ ಬಳಿ ಒಂದು ಹೇಳಿಕೆ ಟೈಪು ಮಾಡಿ ಸಿದ್ಧವಿತ್ತು. ಪರಸಪ್ಪ ಯಾರಿಗೂ ಹೇಳದೆ ಕೇಳದೆ ತಾನಾಗಿ ಡಿಸ್ಕಿನೊಳಗೆ ಇಳಿದ, ಪ್ಯಾನೆಲ್ಲಿನಲ್ಲಿದ್ದವನಿಗೆ ಅದು ತಿಳಿಯುವ ದಾರಿ ಇರಲಿಲ್ಲ ಎಂದು ಅದರಲ್ಲಿದೆ. ನಾನು ಸಹಿ ಹಾಕಿದರೆ ಮುಗಿಯಿತು. ಕುರ್ಚಿಯಲ್ಲಿ ಯಾರಿದ್ದರೆಂದು ಯಾರೂ ಕೇಳುವುದಿಲ್ಲ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ.

ನೀನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಕೂತಲ್ಲೇ ಸಿಕ್ಕಿದೆ.

ಹೇಗೂ ಪರಸಪ್ಪಣ್ಣನ ಕಾಲು ತಿರುಗಿ ಬರುವುದಿಲ್ಲ, ಆಸ್ಪತ್ರೆಯದನ್ನೆಲ್ಲ ಕಂಪನಿಯೇ ನೋಡಿಕೊಳ್ಳುತ್ತದೆ ಎಂದು ಸಾಹೇಬರು ಹೇಳಿದರು. ನಾನು ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಅವ್ವ ತೇರದಾಳದಿಂದ ಬಂದು ಇಲ್ಲಿದ್ದಾಳೆ. ನನ್ನ ಮುಖ ನೋಡಿ, ಉಪವಾಸವೇನೋ ಎಂದಳು. ಹೌದೆಂದೆ. ಬಸದಿಗೆ ಹೋಗಿ ಕೂತೆ. ಅಲ್ಲಿಯೂ ಕೂಡಲಾಗಲಿಲ್ಲ.

ನೀನು ಏನು ಹೇಳುತ್ತೀ? ಇದರಲ್ಲಿ ನೀನೂ ಇದ್ದೀ. ಒಬ್ಬನೇ ನಿರ್ಧಾರ ಮಾಡಿದೆನೆಂದು ನಾಳೆ ನನ್ನನ್ನು ಅನ್ನಬೇಡ.

ಅಭಿ


ಸಮೀರವಾಡಿ ರಸ್ತೆ,
27 ಡಿಸೆಂಬರ್ 2004

ಅಭಿ,

ಸಹಿ ಹಾಕು.

ಹಾಕಿ ನನಗೆ ತಿಳಿಸಬೇಡ.

ಮಾಳು


ಬೀಳಗಿ ತಾಲೂಕು, ಮುಳುಗಡೆಯವರ ಹೊಸ ಊರು,
9 ಜನವರಿ 2005

ಅಭಿ,

ಮೇಲೆ ಬರೆದ ಊರು ನೋಡಿ ನೀನು ಗಾಬರಿಯಾಗಬಹುದು. ಪರಸಪ್ಪಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಳೆ ಅವನ ಮಗಳು ಕೊಟ್ಟಳು.

ನಿನಗೆ ಆ ಎರಡು ಮಾತು ಬರೆದ ಮೇಲೆ ಅವ್ವ ನನ್ನ ಕೈಗೆ ಬಡಿಗೆ ಕೊಡುವುದನ್ನೇ ಬಿಟ್ಟಳು. ನನ್ನ ಕಾವಲಿನ ಸರತಿ ಬಂದರೂ ತಾನೇ ಕೂಡುತ್ತಿದ್ದಳು. ಯಾಕವ್ವಾ ಎಂದೆ. "ನೀ ಏನೋ ಹೇಳದ ಬಂದೀ. ಹೇಳದವನ ಕೈಯಾಗ ನಾ ಕುರಿ ಕೊಡಂಗಿಲ್ಲ" ಎಂದಳು. ಅಷ್ಟೇ ಹೇಳಿ ಒಲೆಗೆ ಕಟ್ಟಿಗೆ ಒಟ್ಟಿದಳು. ನಾನು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬುತ್ತಿ ಕಟ್ಟಿ ಕೊಟ್ಟಳು.

ಪರಸಪ್ಪಣ್ಣ ಹೊರಸಿನ ಮೇಲೆ ಕೂತಿದ್ದ. ನನ್ನನ್ನು ನೋಡಿ, ಬಾ, ಕುರಿ ಹೆಂಗದಾವ ಎಂದ. ಬಟನ್ ಒತ್ತಿದವನು ನಾನು ಎಂದೆ. ಅವನು, ಒತ್ತಿದ ಕೂಡಲೇ ನಿಲ್ಲಿಸಿದವರು ಯಾರು ಎಂದು ಕೇಳಿದ. ಅದೂ ನಾನೇ ಎಂದೆ. ಹಂಗಾದರ ಜೀವ ಉಳಿಸಿದವನೂ ನೀನ ಆತು, ಎಂದು ನಕ್ಕ. ಅಭಿ, ಅವನು ನಗಬಾರದಿತ್ತು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಟೈಪು ಮಾಡಿದ ಹೇಳಿಕೆಯ ಸುದ್ದಿ ಅವನಿಗೆ ಮುಟ್ಟಿದೆ. ಕಂಪನಿಯಿಂದ ಬಂದ ಯಾರೋ ಬಾಯಿ ಬಿಟ್ಟಿದ್ದಾರೆ. ಅವನು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ಹೊಳಿ ನೀರಾಗ ಮನಿ ಹೋತು, ಹೊಲ ಹೋತು. ಯಾರೂ ಅದು ನನ್ನ ತಪ್ಪ ಅನಲಿಲ್ಲ. ಈಗ ಕಾಲು ಹೋಗೈತಿ. ಹೋಗಲಿ. ಆದ್ರ ಹೇಳದ ಕೇಳದ ಒಳಗ ಹಾರಿದ ಹುಂಬ ಅಂತ ನನ್ನ ಮಗಳ ಮುಂದ ನನ್ನ ನಿಲ್ಲಸಬ್ಯಾಡ್ರಿ. ನಾ ಹೇಳಿದ್ನೋ ಇಲ್ಲೋ, ಅಭಿನಂದನಗ ಒಂದ ಸಲ ಕೇಳು."

ನೀನು ಆಸ್ಪತ್ರೆಗೆ ಹೋದಾಗ ಅವನು ಕೇಳಬೇಕೆಂದದ್ದು ಇದನ್ನೇ. ನೀನು ಹಣ್ಣು ಇಟ್ಟು ಓಡಿದೆ. ಓಡುವುದರಲ್ಲಿ ನಾವಿಬ್ಬರೂ ಹುಷಾರು.

ಸಹಿ ಹಾಕು ಎಂದು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಾಕಿದ್ದೀಯೋ ಹೇಗೆ? ಹಾಕಿರಬೇಡ. ವಿಚಾರಣೆಯ ದಿನ ನಾನು ಬರುತ್ತೇನೆ. ನೀನು ಒಳಗಿರು ಸಾಕು.

ಮಾಳು


ಬೀಳಗಿ,
30 ಜನವರಿ 2005

ಮಾಳು,

ನೀನು ಗೇಟಿನ ಹೊರಗೆ ನಿಂತದ್ದು ಒಳಗಿದ್ದ ನನಗೆ ಗೊತ್ತಿರಲಿಲ್ಲ. ಒಳಗೆ ಏನಾಯಿತೆಂದು ಹೊರಗಿದ್ದ ನಿನಗೆ ಗೊತ್ತಿಲ್ಲ. ಊರೆಲ್ಲ ಬೇರೆ ಬೇರೆ ಕಥೆ ಹೇಳುತ್ತಿದೆ. ನನ್ನ ಬಾಯಿಂದ ಕೇಳು. ಇದರಲ್ಲಿ ನನಗೆ ಒಳ್ಳೆಯ ಹೆಸರು ತರದ ಮಾತೂ ಇದೆ.

ನಿನ್ನ ಪತ್ರ ಬರುವ ಮುಂಚೆಯೇ ನಾನು ಸಹಿ ಹಾಕಿಬಿಟ್ಟಿದ್ದೆ. ಹಾಕಿದ ಮೇಲೆ ಪೆನ್ನನ್ನು ಅಲ್ಲೇ ಬಿಟ್ಟು ಬಂದೆ, ಮನೆಗೆ ತರಬೇಕೆನಿಸಲಿಲ್ಲ. ಆಮೇಲೆ ನಿನ್ನ ಪತ್ರ ಬಂತು. ಪರಸಪ್ಪಣ್ಣನ ಆ ಮಾತನ್ನು ಓದಿ ಅಂಗಳದಲ್ಲಿ ನಿಂತು ಅತ್ತೆ. ಅವ್ವ ನೋಡಿದಳು.

ವಿಚಾರಣೆ ಮಧ್ಯಾಹ್ನಕ್ಕೆ ಇತ್ತು. ಅಧಿಕಾರಿ ತಡವಾಗಿ ಬಂದರು. ಉಂಡಿ ಹೇಗಾಗುತ್ತವೆ, ಪುಡಿಗೆ ನೀರು ಎಷ್ಟು, ಪರಾತ ಎಷ್ಟು ವಾರೆ ಎಂದೆಲ್ಲ ಕೇಳುತ್ತ ಪ್ಲಾಂಟನ್ನು ಸುತ್ತು ಹಾಕಿದರು. ಹಸಿ ಉಂಡಿಯೊಂದನ್ನು ಕೈಯಿಂದ ನೆಲಕ್ಕೆ ಬಿಟ್ಟು, ಒಡೆಯಲಿಲ್ಲವಲ್ಲ ಎಂದು ಬೆರಗಾದರು. ಕೊನೆಗೆ ಕೋಣೆಯಲ್ಲಿ ಕೂತಾಗ ಕಿಟಕಿಯ ಬೆಳಕು ಕೆಂಪಾಗಿತ್ತು. ನನ್ನ ಹೇಳಿಕೆಯನ್ನು ಓದಿಸಿದರು. ಇದಕ್ಕೆ ಇನ್ನೇನಾದರೂ ಸೇರಿಸುವುದಿದೆಯೇ ಎಂದು ಕೇಳಿದರು.

ಆಗ ನಮ್ಮ ಸಾಹೇಬರು ಬಹಳ ಮೆತ್ತಗೆ ಹೇಳಿದರು: "ಸಹಿ ಆಗೇತಲ್ಲ. ಹೊತ್ತು ಮುಳಗಾಕ ಬಂತು. ನಿಮ್ಮ ನೇಮಕ್ಕ ಯಾಕ ಅಡ್ಡಿ, ಊಟಕ್ಕ ಹೋಗ್ರಿ."

ನನ್ನ ಡಬ್ಬಿ ಟೇಬಲ್ಲಿನ ಮೇಲಿತ್ತು. ಯಾರು ತಂದಿಟ್ಟರೋ ಗೊತ್ತಿಲ್ಲ. ನಾನು ಏಳಬಹುದಿತ್ತು, ಎದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವತ್ತೂ ಹಾಗೇ ಎದ್ದಿದ್ದೆ. ನೇಮ ಮುರಿಯಲಿಲ್ಲವೆಂಬ ಸಮಾಧಾನದಲ್ಲಿ ಒಬ್ಬ ಮನುಷ್ಯನನ್ನು ಪರಾತದಲ್ಲಿ ಬಿಟ್ಟು ಹೋಗಿದ್ದೆ. ಈ ಸಲ ಏಳಲಿಲ್ಲ. ಇವತ್ತು ಊಟ ಬೇಡ ಎಂದೆ. ಸೂರ್ಯ ಮುಳುಗುವುದನ್ನು ಕೂತಲ್ಲಿಂದಲೇ ನೋಡಿದೆ.

ಆ ಹೇಳಿಕೆ ಸುಳ್ಳು ಎಂದೆ. ಪರಸಪ್ಪ ನನಗೆ ಹೇಳಿಯೇ ಇಳಿದ, ನಾನು ಕುರ್ಚಿ ಬಿಟ್ಟೆ, ಬಿಡುವಾಗ ಯಾರಿಗೂ ಹೇಳಲಿಲ್ಲ ಎಂದೆ. ಸ್ವಿಚ್ಚು ಕೆಟ್ಟದ್ದನ್ನೂ ಹೇಳಿದೆ. ಸಾಹೇಬರು ನನ್ನ ಕಡೆ ನೋಡಲಿಲ್ಲ.

ಹಾಗಾದರೆ ಕುರ್ಚಿಯಲ್ಲಿ ಯಾರಿದ್ದರು ಎಂದು ಅಧಿಕಾರಿ ಕೇಳಿದರು. ಮಾಳು, ಈ ಮಾತನ್ನು ಮುಚ್ಚಿಡಬಹುದು, ಆದರೆ ಮುಚ್ಚಿಡಲಾರೆ. ನಿನ್ನ ಹೆಸರು ಹೇಳಬಾರದೆಂದುಕೊಂಡೇ ಹೋಗಿದ್ದೆ. ನೀನು ಬರುತ್ತೇನೆಂದಿದ್ದೆ, ಬಂದಿರಲಿಲ್ಲ. ಮತ್ತೆ ಓಡಿದ ಎಂದುಕೊಂಡೆ. ಸಿಟ್ಟಿನಲ್ಲಿ ನಿನ್ನ ಹೆಸರು ಹೇಳಿದೆ. ಹೇಳಿ ಮುಗಿದ ಮೇಲೆ ಗೇಟಿನ ಹೊಳಬಸಪ್ಪ ಒಳಗೆ ಬಂದು, ಮಾಳು ಅನ್ನುವವ ಮಧ್ಯಾಹ್ನದಿಂದ ಹೊರಗ ನಿಂತಾನ್ರಿ, ಪಾಸು ರದ್ದಾಗೈತಿ ಅಂತ ಬಿಟ್ಟಿಲ್ರಿ, ಬಟನ್ ಒತ್ತಿದವ ನಾನ ಅಂತಾನ್ರಿ ಎಂದ. ಎಲ್ಲರೂ ನನ್ನ ಮುಖ ನೋಡಿದರು.

ನಿನ್ನ ಮಾತನ್ನು ನೀನೇ ಹೇಳಬೇಕೆಂದು ಬಂದಿದ್ದೆ. ನಾನು ಅದನ್ನು ಕಸಿದುಕೊಂಡೆ. ಕಂಪನಿ ನಿನ್ನನ್ನು ತೆಗೆದುಹಾಕಿದೆ, ನನ್ನನ್ನು ಅಮಾನತು ಮಾಡಿದೆ. ನಾನು ತಿರುಗಿ ಹೋಗುತ್ತೇನೆ, ನೀನು ಹೋಗಲಾರೆ. ಇದು ಸಮ ಅಲ್ಲ. ಸಮ ಅಲ್ಲವೆಂದು ಹೇಳಲು ಬರೆದೆ. ಪರಸಪ್ಪನ ತಪ್ಪು ಏನೂ ಇಲ್ಲವೆಂದು ಅಧಿಕಾರಿ ಬರೆಸಿದ್ದಾರೆ. ಅದೊಂದು ಉಳಿಯಿತು.

ಉತ್ತರ ಬರೆಯದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ಅಭಿನಂದನ


ಬನಹಟ್ಟಿ,
2 ಮೇ 2005

ಅಭ್ಯಾ,

ಉಣ್ಣೆ ಮಾರಲು ಬನಹಟ್ಟಿಗೆ ಬಂದಿದ್ದೇನೆ. ಮಗ್ಗಗಳ ಸದ್ದು ಕೇಳಿದರೆ ಇಲ್ಲಿಯೂ ಎಲ್ಲೋ ಯಾರೋ ಒಳಗಿದ್ದಾರೆನಿಸುತ್ತದೆ. ಅಂಗಡಿಯವನಿಗೆ ಕೇಳಿಯೂಬಿಟ್ಟೆ. ಹುಚ್ಚನೆಂದುಕೊಂಡ.

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ನನ್ನ ಹೆಸರು ಹೇಳಿದ್ದಕ್ಕಲ್ಲ. ಹೇಳಲೇಬೇಕಿತ್ತು. ನಾನು ಮತ್ತೆ ಓಡಿದೆ ಎಂದುಕೊಂಡೆಯಲ್ಲ, ಅದು ಚುಚ್ಚಿತು. ಬಿಸಿಲಲ್ಲಿ ನಿಂತು ನಿಂತು ನನ್ನ ರುಮಾಲು ತೊಯ್ದಿತ್ತು. ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲು ಎಂದ ಹೊಳಬಸಪ್ಪ. ಅದು ನಿನ್ನ ಊಟದ ಜಾಗ ಎಂದು ನಿಲ್ಲಲಿಲ್ಲ. ಅಷ್ಟು ಸಿಟ್ಟು ನನಗೂ ಇತ್ತು.

ಪೊಲೀಸರು ಬಂದು ಕೇಳಿ ಹೋದರು. ಪರಸಪ್ಪಣ್ಣ ಅವರ ಮುಂದೆ ಏನು ಹೇಳಿದನೋ, ತಿರುಗಿ ಬರಲಿಲ್ಲ. ಅವ್ವ ನನ್ನ ಕೈಗೆ ಬಡಿಗೆ ಕೊಟ್ಟಿದ್ದಾಳೆ.

ಹೊಸದೊಂದು ಜಾಲಿ ಬಡಿಗೆ ಮಾಡಿದ್ದೇನೆ, ಎಣ್ಣೆ ಹಚ್ಚಿ ಒಣಗಿಸಿದ್ದೇನೆ. ನಮ್ಮ ಹಟ್ಟಿಯ ಗಂಗಾರಾಮ ಬೀಳಗಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೆಲಸಕ್ಕೆ ತಿರುಗಿ ಹೋದೆಯಂತೆ. ಈಗ ಹೊತ್ತು ಮುಳುಗುವ ಮುಂಚೆ ನಿನ್ನ ಕುರ್ಚಿಗೆ ಕಂಪನಿಯೇ ಬೇರೆಯವನನ್ನು ಕೂಡಿಸುತ್ತದಂತೆ. ಪ್ಯಾನೆಲ್ಲಿನ ಪಕ್ಕ ಇದನ್ನು ಇಟ್ಟುಕೊ. ಏಳುವಾಗ ಅವನ ಕೈಗೆ ಕೊಟ್ಟು ಏಳು.

ಮಾಳು


ಬೀಳಗಿ,
26 ಜೂನ್ 2005

ಮಾಳ್ಯಾ,

ನೀನು ಕಳಿಸಿದ ಬಡಿಗೆ ನನಗೆ ಮುಟ್ಟಲಿಲ್ಲ.

ಗಂಗಾರಾಮನ ತಪ್ಪಿಲ್ಲ. ಅವನು ಗೇಟಿನವರೆಗೆ ತಂದಿದ್ದ. ಕಂಪನಿ ಕಾವಲಿನ ಕೆಲಸ ಕೊಟ್ಟಿದೆ, ಗೇಟಿನ ಕುರ್ಚಿ ಈಗ ಪರಸಪ್ಪಣ್ಣನದು. ಬಡಿಗೆ, ಕೊಡಲಿ, ಬೀಡಿ ಒಳಗೆ ಬಿಡಬಾರದೆಂಬ ನಿಯಮವಿದೆಯಲ್ಲ, ಬಿಡಲಿಲ್ಲ. ಯಾರು ಕಳಿಸಿದ್ದು, ಯಾಕೆ ಎಂದು ಗಂಗಾರಾಮನಿಂದ ಎಲ್ಲ ಕೇಳಿ ತಿಳಿದುಕೊಂಡು ತಾನೇ ಇಟ್ಟುಕೊಂಡ. ಕಂಪನಿ ಕೊಟ್ಟ ಹೊಳೆಯುವ ಊರುಗೋಲು ಮೂಲೆಯಲ್ಲಿ ಬಿದ್ದಿದೆ. ಜಾಲಿಯದೇ ಕೈಗೆ ಛಲೋ ಕೂಡ್ತೈತಿ ಎನ್ನುತ್ತಾನೆ. ನಾನು ಕೇಳಲು ಹೋಗಲಿಲ್ಲ. ಕೇಳುವ ಮುಖವೂ ನನಗಿಲ್ಲ.

ಮೂರನೇ ಪರಾತಕ್ಕೆ ಹೊಸ ಸ್ವಿಚ್ಚು ಬಂದಿದೆ, ಕೀಲಿಯೂ ಇದೆ. ಇಳಿಯುವವನು ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡೇ ಇಳಿಯುತ್ತಾನೆ. ಇನ್ನು ಕೇಳದಿದ್ದರೂ ನಡೆಯುತ್ತದೆ ಎಂದು ಸಾಹೇಬರು ಹೇಳುತ್ತಾರೆ. ಪರಸಪ್ಪಣ್ಣ ಒಪ್ಪುವುದಿಲ್ಲ.

ದಿನಾ ಸಂಜೆ ನಾನು ಡಬ್ಬಿ ಹಿಡಿದು ಬೇವಿನ ಗಿಡಕ್ಕೆ ಹೊರಟಾಗ ಗೇಟಿನಲ್ಲಿ ಅವನು ಎದ್ದು ನಿಲ್ಲುತ್ತಾನೆ. ಹೊತ್ತು ಎಷ್ಟೇ ಇಳಿದಿರಲಿ, ಬಿಡುವುದಿಲ್ಲ. ನಿನ್ನ ಬಡಿಗೆಯನ್ನು ನನ್ನ ಕೈಗೆ ಕೊಟ್ಟು, "ಒಳಗ ಯಾರದಾರ?" ಎನ್ನುತ್ತಾನೆ. ಯಾವ ಪರಾತದಲ್ಲಿ ಯಾರಿದ್ದಾರೆ, ಕುರ್ಚಿಯಲ್ಲಿ ಕೂತವನಿಗೆ ಏನು ಹೇಳಿ ಬಂದೆ, ಒಬ್ಬೊಬ್ಬರ ಹೆಸರು ಹಿಡಿದು ನಾನು ಹೇಳಬೇಕು. ಎಲ್ಲ ಹೇಳಿ ಮುಗಿಸಿದ ಮೇಲೆ ಬಡಿಗೆ ತಿರುಗಿ ತೆಗೆದುಕೊಂಡು, ಇನ್ನ ಉಣ್ಣಹೋಗು ಎನ್ನುತ್ತಾನೆ.

ನಾನು ತಡವರಿಸುವುದಿಲ್ಲ ಮಾಳ್ಯಾ. ಬಡಿಗೆ ನನ್ನ ಕೈಯಲ್ಲಿರುವಷ್ಟು ಹೊತ್ತು ಅವನು ಒಂದೇ ಕಾಲಿನ ಮೇಲೆ ನಿಂತಿರುತ್ತಾನೆ.

ನಿನ್ನ
ಅಭ್ಯಾ